ಜಿಪ್ಪಕ್ಕನ ಟಿವಿಗೆ ಸೌಂಡ್ ಬೇಡ

ಕುಕ್ಕರ್ ಕೂಗಿದರೆ ಎಲ್ಲರೂ ಒಲೆಯ ಕಡೆ ನೋಡುತ್ತಾರೆ. ನಾನು ಮಗಳ ಕಡೆ ನೋಡುತ್ತಿದ್ದೆ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಕಚ್ಚಿಸುತ್ತಿರುತ್ತಿದ್ದಳು. ಕುಕ್ಕರ್ ಕೂಗೋದು, ಕ್ಲಿಪ್ಪು ಕಚ್ಚೋದು. ತಲೆ ಎತ್ತಲಿಲ್ಲವಲ್ಲ ಅಂತ ನನ್ನ ಎದೆ ಹೊಡೆದುಕೊಳ್ಳುವಷ್ಟರಲ್ಲಿ ತಲೆ ಎತ್ತಿ ನನ್ನನ್ನು ನೋಡಿ ನಗುವಳು. ಕೂಗು ಕೇಳಿಸಿತಾ? ಇಲ್ಲವೇ ನಾನು ಮಿಕಮಿಕ ನೋಡುತ್ತಿದ್ದೇನೆ ಅಂತ ನೋಡಿದಳಾ? ಅದು ತಿಳಿಯದೆ ಇನ್ನೊಂದು ಕೂಗಿಗೆ ಕಾಯುತ್ತಿದ್ದೆ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಬೇಳೆ ಗಂಜಿಯಾಗದ ದಿನ ಇರಲಿಲ್ಲ.

ಅವಳಿಗೆ ಎರಡು ತುಂಬುತ್ತ ಬಂದಿತ್ತು. ಬಾಯಿಂದ ಒಂದು ಮಾತು ಬಂದಿರಲಿಲ್ಲ, "ಅಮ್ಮ" ಅಂತ ಕೂಡ. ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡಿದೆ, ತಿರುಗಲಿಲ್ಲ. ಸ್ಟೀಲ್ ತಟ್ಟೆ ಬೀಳಿಸಿದೆ, ಥಟ್ಟನೆ ತಿರುಗಿದಳು. ಆ ಬೆಳಿಗ್ಗೆಯೆಲ್ಲ ಗಾಳಿಯಲ್ಲಿ ತೇಲಿದೆ. ಮಧ್ಯಾಹ್ನ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದೆ, ಕರೆದೆ, ಕರೆದೆ. ಅವಳ ಜಡೆಯೂ ಅಲ್ಲಾಡಲಿಲ್ಲ. ಹಲ್ಲಿನ ಸಂದಿಗೆ ನಾರು ಸಿಕ್ಕರೆ ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ನನ್ನ ಮನಸ್ಸು ಹಾಗಾಗಿತ್ತು.

"ನಿನ್ನ ಗಂಡ ಮೂರು ತುಂಬೋವರೆಗೂ ತುಟಿ ಬಿಚ್ಚಿರಲಿಲ್ಲ," ಎನ್ನುತ್ತಿದ್ದರು ಅತ್ತೆ. "ಈಗ ನೋಡು, ಫೋನ್ ಹಿಡಿದ್ರೆ ಕೆಳಗಿಡಲ್ಲ. ಇಲ್ಲದ್ದನ್ನ ಬಾಯಲ್ಲಿ ಅಂದು ಅಂದು ಕರೀಬೇಡಮ್ಮ."

ಗಂಡ ಅಷ್ಟೂ ಹೇಳುತ್ತಿರಲಿಲ್ಲ. "ಇನ್ನೊಂದಿಷ್ಟು ದಿನ ನೋಡೋಣ. ಓದ್ಕೊಂಡಿದ್ದೀಯ ಅಂತ ಎಲ್ಲದರಲ್ಲೂ ರೋಗ ಹುಡುಕ್ಬೇಡ."

ಆ ಹೆದರಿಕೆಯ ಕಾಲದಲ್ಲಿ ನನಗೆ ಜಿಪ್ಪಕ್ಕ ಸಿಕ್ಕಿದಳು. ನಾನು ಹೇಳಬೇಕೆಂದಿರುವುದು ಅವಳ ಕಥೆ. ಆದರೆ ನನ್ನದನ್ನು ಬಿಟ್ಟು ಅವಳದನ್ನು ಹೇಳೋಣವೆಂದರೆ ಎರಡೂ ಬಿಡಿಸಿಕೊಳ್ಳುತ್ತಿಲ್ಲ.

ನಮ್ಮ ಕಟ್ಟಡದ ಕೆಳಗೆ, ಮೆಟ್ಟಿಲ ಬಗಲಲ್ಲೇ ಅವಳ ಅಂಗಡಿ. ಮುಂದೆ ಹೊಲಿಗೆ ಮಿಷನ್, ಹಿಂದೆ ಪರದೆ, ಪರದೆಯಾಚೆ ಅವಳ ಮನೆ. ಸೂಟ್‌ಕೇಸು, ಶಾಲೆ ಬ್ಯಾಗು, ಜಾಕೆಟ್ಟು, ಹೀಗೆ ಜಿಪ್ ಕೆಟ್ಟು ಬಾಯಿ ಬಿಟ್ಟುಕೊಂಡಿದ್ದೆಲ್ಲ ಅಲ್ಲಿ ಮೊಳೆಗೆ ನೇತುಬಿದ್ದಿರುತ್ತಿತ್ತು. ರನ್ನರ್ ಸಡಿಲವಾಗಿದ್ದರೆ ಇಕ್ಕಳದಲ್ಲಿ ಒಂದು ಹಿಸುಕು. ಹಲ್ಲು ಬಿಗಿಯಾಗಿದ್ದರೆ ಮೇಣದಬತ್ತಿ ತಿಕ್ಕಿ ಎಳೆಯೋದು. ಹಲ್ಲೇ ಉದುರಿದ್ದರೆ ಪೂರ್ತಿ ಕಿತ್ತು ಹೊಸದು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ತೋಳು ನೋಡಿದರೆ ಮಿಷನ್ನೇ ಹೆದರಬೇಕು. ಅಂಗಡಿಯ ಮುಂದೆ ಒಂದು ರಟ್ಟು ಕಟ್ಟಿದ್ದಳು: "ಕೂಗಬೇಡಿ. ನನಗೆ ಕೇಳಿಸಲ್ಲ. ಕೂಗಿದರೆ ನಿಮ್ಮ ಗಂಟಲಿಗೇ ನಷ್ಟ."

ಹುಟ್ಟಾ ಕಿವುಡಿ. ಎದುರು ನಿಂತು ನಿಧಾನ ಮಾತಾಡಿದರೆ ತುಟಿ ನೋಡಿ ಹಿಡಿಯುತ್ತಿದ್ದಳು. ಅವಳು ಹೇಳಬೇಕಾದ್ದನ್ನು ಕತ್ತರಿಸುವ ಮೇಜಿನ ಕಪ್ಪು ರೆಕ್ಸಿನ್ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದು, ನಾವು ಓದಿದ ಮೇಲೆ ಮೊಣಕೈಯಲ್ಲಿ ಒರೆಸುತ್ತಿದ್ದಳು. ಸಿಟ್ಟು ಬಂದರೆ ಮಾತ್ರ ಗಂಟಲು ತೆಗೆಯುತ್ತಿದ್ದಳು. ಆ ದನಿ ಎತ್ತಲಿಂದಲೋ ಬಂದ ಹಾಗಿರುತ್ತಿತ್ತು, ರಸ್ತೆಯ ಜನ ತಿರುಗಿ ನೋಡುತ್ತಿದ್ದರು. ನೋಡಲಿ ಅಂತಲೇ ಇನ್ನೂ ಸ್ವಲ್ಪ ಏರಿಸುತ್ತಿದ್ದಳು.

ಪಕ್ಕದ ಬೀಗ ರಿಪೇರಿ ಅಂಗಡಿಯವನು ಮೊದಮೊದಲು ಗಿರಾಕಿಗಳ ಮುಂದೆ ನಗಾಡುತ್ತಿದ್ದನಂತೆ: "ದೇವರು ಇವಳ ಬಾಯಿಗೂ ಜಿಪ್ ಹಾಕಿ ರನ್ನರ್ ಕಿತ್ಕೊಂಡ್ಬಿಟ್ಟಿದ್ದಾನೆ." ಅವನ ತುಟಿಯನ್ನು ಇವಳು ಓದಿದ್ದು ಅವನಿಗೆ ತಿಳಿದಿರಲಿಲ್ಲ. ಆಮೇಲೆ ಅವನ ಪ್ಯಾಂಟು ರಿಪೇರಿಗೆ ಬಂತು. ಹೊಸ ಜಿಪ್ ಹಾಕಿ, ಅದರ ಮೇಲೆ ಇನ್ನೆಂದೂ ತೆರೆಯದ ಹಾಗೆ ಮೇಲಿಂದ ಕೆಳಗಿನವರೆಗೆ ದಪ್ಪ ದಾರದಲ್ಲಿ ಹೊಲಿದು, ಇಸ್ತ್ರಿ ಮಾಡಿ ಕೊಟ್ಟಳು. ಅವನಿಗೆ ಗೊತ್ತಾಗಿದ್ದು ತುರ್ತಿನ ಹೊತ್ತಿನಲ್ಲಿ. ಅಲ್ಲಿಂದಾಚೆ ಇಬ್ಬರೂ ಪರಮ ಸ್ನೇಹಿತರು.

ಅವಳ ಹಳೆಯ ಕಥೆ ನನಗೆ ಒಂದೇ ಸಲ ಸಿಗಲಿಲ್ಲ. ಮಗಳ ಬ್ಯಾಗಿನ ಜಿಪ್ ಹಾಕಿಸಲು ಹೋದವಳು ಸುಮ್ಮಸುಮ್ಮನೆ ಹೋಗಲು ಶುರುಮಾಡಿದೆ, ಮಗಳು ಚಿಂದಿ ಬಟ್ಟೆಯ ರಾಶಿ ಹತ್ತಿ ಆಡಿಕೊಳ್ಳುವಳು, ಜಿಪ್ಪಕ್ಕ ಹೊಲಿಗೆಯ ನಡುವೆ ಒಂದೊಂದು ಸಾಲು ಬರೆಯುವಳು. ಚಿಕ್ಕಂದಿನಲ್ಲಿ ಅವಳನ್ನು ಕಿವುಡು ಮಕ್ಕಳ ಹಾಸ್ಟೆಲ್ ಶಾಲೆಗೆ ಹಾಕಿದ್ದರು. ಅಲ್ಲಿ ಸನ್ನೆ ಮಾಡುವಂತಿಲ್ಲ. ಸನ್ನೆ ಕಲಿತರೆ ಬಾಯಿ ಮಾತು ಬರುವುದಿಲ್ಲ ಅಂತ ಮೇಷ್ಟರುಗಳ ನಂಬಿಕೆ. "ಕೈ ಕಟ್ಟಿ ಕೂತ್ಕೊಳ್ಳಿ" ಅಂತ ನಮಗೂ ಶಾಲೆಯಲ್ಲಿ ಹೇಳುತ್ತಿದ್ದರು. ನಾವು ಕೈ ಕಟ್ಟಿಕೊಂಡೇ ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆವು. ಅವರಿಗೆ ಕೈ ಕಟ್ಟಿದರೆ ಬಾಯಿ ಕಟ್ಟಿದ ಹಾಗೆ. ಬಿಚ್ಚಿದವರ ಗೆಣ್ಣಿಗೆ ಸ್ಕೇಲಿನ ಏಟು.

ತುಟಿಯ ಮುಂದೆ ಕಾಗದದ ಚೂರು ಹಿಡಿದು, ಅದು ಹಾರುವ ಹಾಗೆ "ಪ" ಅನ್ನಿಸುತ್ತಿದ್ದರಂತೆ. ಹಾರಿದರೆ ಶಭಾಷ್. ಜಿಪ್ಪಕ್ಕ ಬರೆದಳು: "ಒಂದು ಪ ಕಲಿಯಕ್ಕೆ ಒಂದು ವರ್ಷ. ಬಚ್ಚಲಮನೇಲಿ ದೊಡ್ಡ ಹುಡುಗಿಯರ ಹತ್ರ ಸನ್ನೆ ಕಲಿತೆ. ಒಂದು ಸಂಜೇಲಿ ಇಡೀ ಹಾಸ್ಟೆಲ್ ಸುದ್ದಿ ಗೊತ್ತಾಯ್ತು."

ದೊಡ್ಡವಳಾದ ಮೇಲೆ ಸೋದರಮಾವ ತನ್ನ ಬ್ಯಾಗ್ ಕಾರ್ಖಾನೆಗೆ ಸೇರಿಸಿಕೊಂಡ. ಮಿಷನ್ನಿನ ಸದ್ದಿಗೆ ಬೇರೆಯವರ ತಲೆ ಸಿಡಿಯುತ್ತಿತ್ತು, ಇವಳು ಹಾಯಾಗಿ ಹೊಲಿಯುತ್ತಿದ್ದಳು. ಒಮ್ಮೆ ಗಂಡಿನ ಕಡೆಯವರು ನೋಡಲು ಬಂದರು. ಗಂಡಿನ ತಾಯಿ ಇವಳಿಗೆ ತಿಳಿಯಲ್ಲ ಅಂದುಕೊಂಡು ಪಕ್ಕದವರಿಗೆ, "ಬಾಯಿಲ್ಲದ ಸೊಸೆ ಒಳ್ಳೇದೇ ಬಿಡಿ, ಎದುರು ಮಾತಿರಲ್ಲ" ಅಂದರು. ಇವಳು ಒಳಗೆ ಹೋಗಿ ಒಂದು ಚೀಟಿ ಬರೆದು ತಂದು ಕಾಫಿ ಲೋಟದ ಜೊತೆ ಅವರ ಕೈಗೆ ಕೊಟ್ಟಳು: "ಬಾಯಿಲ್ಲದ ಅತ್ತೆ ಸಿಕ್ಕಿದರೆ ಮದುವೆ ಆಗ್ತೀನಿ." ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಮಾವ ಬೈದ. ಇವಳು ಒಂದು ಮಿಷನ್ ಕೊಂಡು ಈ ರಸ್ತೆಗೆ ಬಂದಳು.

ಇಲ್ಲಿ ಅವಳಿಗೆ ಒಂದು ಆಸೆ ಹುಟ್ಟಿತು. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಅವಳ ಹಾಸ್ಟೆಲ್ ಕಾಲದ ಸ್ನೇಹಿತರು ಪರದೆಯಾಚೆಯ ಕೋಣೆಯಲ್ಲಿ ಸೇರುತ್ತಿದ್ದರು. ಎಲ್ಲೋ ದೂರದ ಊರಿನ ಒಬ್ಬ ಕಿವುಡ ಸನ್ನೆಯಲ್ಲೇ ಕಥೆ ಹೇಳಿ ವಿಡಿಯೋ ಮಾಡುತ್ತಿದ್ದ, ಅದು ಫೋನಿಂದ ಫೋನಿಗೆ ಹರಿದು ಇವರ ತನಕ ಬರುತ್ತಿತ್ತು. ಅಂಗೈ ಅಗಲದ ಫೋನಿನ ಸುತ್ತ ಎಲ್ಲರೂ ಹಣೆಗೆ ಹಣೆ ತಾಗಿಸಿ ನೋಡಬೇಕು. ಕಥೆಗಾರನ ಬೆರಳುಗಳು ಇರುವೆ ಕಾಲಿನಷ್ಟು. ಅದು ದೊಡ್ಡದಾಗಿ ಕಾಣಬೇಕು, ಗೋಡೆಯ ತುಂಬ ಕೈ ಕಾಣಬೇಕು ಅಂತ ಅವಳ ಹಟ. ಕೈ ಬದಲಿಸಿ ಬಂದ ಟಿವಿಯೊಂದು ಅವಳ ಹತ್ತಿರವಿತ್ತು, ಆದರೆ ಅದರ ಪೆನ್‌ಡ್ರೈವ್ ತೂತು ಎಂದೋ ಸತ್ತಿತ್ತು.

"ನಮ್ಮನೇಲಿ ಹಳೇ ಕಂಪ್ಯೂಟರ್ ಇದೆ, ಟಿವಿಗೆ ಸಿಕ್ಕಿಸಬಹುದು," ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಅವಳು ತಕ್ಷಣ ಮಿಷನ್ ನಿಲ್ಲಿಸಿ ಬರೆದಳು: "ಯಾವಾಗ?"

ಅದು ನನ್ನ ಗಂಡನ ಕಾಲೇಜು ದಿನಗಳ ಕಂಪ್ಯೂಟರ್. ಮಾನಿಟರ್ ಯಾವತ್ತೋ ಹೋಗಿ, ಡಬ್ಬವೊಂದು ಅಟ್ಟದ ಮೇಲೆ ಹಳೇ ಕಂಬಳಿ ಗಂಟಿನ ಕೆಳಗೆ ಕೂತಿತ್ತು. ಇಳಿಸುವಾಗ ಅತ್ತೆ ಕೇಳಿದರು, "ಕಿವುಡಿಗೆ ಟಿವಿ ಯಾಕಂತೆ? ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗೆ."

"ಟಿವಿ ನೋಡೋದು ಕಣ್ಣಲ್ಲಿ ಅತ್ತೆ. ಅವಳ ಕಣ್ಣು ನಮ್ಮೆಲ್ಲರ ಕಣ್ಣಿಗಿಂತ ಚುರುಕಾಗಿದೆ."

"ಮಾತಿಗೆ ಮಾತು. ಅಲ್ಲಿ ಕೂತೂ ಕೂತೂ ಕಲ್ತಿರೋದು ಇದೇ."

ಒಂದು ಮಧ್ಯಾಹ್ನ ಷಟರ್ ಅರ್ಧ ಎಳೆದು ಕೆಲಸಕ್ಕಿಳಿದೆವು. ಮಗಳನ್ನು ಚಿಂದಿ ರಾಶಿಯ ಮೇಲೆ ಕೂರಿಸಿದೆ. ಡಬ್ಬದ ಧೂಳು ಊದಿದ್ದಕ್ಕೆ ಮೂವರೂ ಸೀನಿದೆವು. ಹಳೆಯ ಕಂಪ್ಯೂಟರಾದ್ದರಿಂದ ಈಗಿನ ಚಪ್ಪಟೆ ವೈರು ಅದಕ್ಕಾಗುವುದಿಲ್ಲ. ನೀಲಿ ಮೂತಿಯ, ಎರಡೂ ಬದಿಗೆ ತಿರುಪಿರುವ ದಪ್ಪ ವೈರೇ ಬೇಕು. ಟಿವಿಯ ಬೆನ್ನಲ್ಲೂ ಅಂಥದೇ ನೀಲಿ ಬಾಯಿತ್ತು. ಜಿಪ್ಪಕ್ಕ ಮಿಷನ್ನಿನ ಸ್ಕ್ರೂಡ್ರೈವರ್ ತಂದು ತಿರುಪು ಬಿಗಿದಳು, ಅವಳು ಬಿಗಿದರೆ ಮತ್ತೆ ಬಿಚ್ಚುವ ಮಾತಿಲ್ಲ.

ಟಿವಿ ಹಾಕಿದೆವು. ನೀಲಿ ಪರದೆ. ಮೂಲೆಯಲ್ಲಿ "ಸಿಗ್ನಲ್ ಇಲ್ಲ" ಅಂತ ಬಂತು.

"ಎಡಗಡೆಯಿಂದ ಒಂದು ತಟ್ಟಿ ನೋಡಿ ಮೇಡಂ," ಅಂತ ಷಟರಿನ ಕೆಳಗಿಂದ ಬೀಗದವನ ತಲೆ ತೂರಿತು.

"ಇದು ನಿಮ್ಮ ಬೀಗ ಅಲ್ಲ ಅಣ್ಣ."

"ಎಲ್ಲಾ ಒಂದೇ ಮೇಡಂ. ತಟ್ಟಿದ್ರೆ ತೆಗೆಯುತ್ತೆ, ಇಲ್ಲಾಂದ್ರೆ ಒಡೀಬೇಕು."

ರಿಮೋಟಿನಲ್ಲಿ ಗುಂಡಿ ಒತ್ತಿ ಒತ್ತಿ ಟಿವಿಗೆ ಕಂಪ್ಯೂಟರಿನ ದಾರಿ ತೋರಿಸಿದೆ. ಪರದೆ ಒಂದು ಸಲ ಕಪ್ಪಾಗಿ, ಬೆಳಗಿ, ನನ್ನ ಗಂಡ ಎಂದೋ ಹಾಕಿಟ್ಟಿದ್ದ ಕಾರಿನ ಚಿತ್ರ ಟಿವಿಯ ತುಂಬ ಬಂತು. ಜಿಪ್ಪಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಅದು ಸಂತೋಷದ ಗುದ್ದು ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅವಳ ಫೋನಿನಿಂದ ವಿಡಿಯೋಗಳನ್ನು ಇಳಿಸಿ ಒಂದನ್ನು ಹಾಕಿದೆ. ಕಥೆಗಾರನ ದೊಡ್ಡ ಮುಖ ಬಂತು, ಹುಬ್ಬು, ಮೀಸೆ, ಕಣ್ಣು ಎಲ್ಲ ಸ್ಪಷ್ಟ. ಕೈ ಮಾತ್ರ ಇಲ್ಲ. ಎದೆಯ ಕೆಳಗೆ ಕತ್ತರಿಸಿದ ಹಾಗೆ. ಟಿವಿ ಅಗಲ, ಹಳೇ ಕಂಪ್ಯೂಟರಿನ ಚಿತ್ರ ಚೌಕ. ಟಿವಿ ಅದನ್ನು ತನ್ನ ಅಗಲಕ್ಕೆ ಹಿಗ್ಗಿಸಿ, ಮೇಲೂ ಕೆಳಗೂ ಮಿಕ್ಕಿದ್ದನ್ನು ಹೊರಗೆ ತಳ್ಳಿತ್ತು.

"ಮುಖವಂತೂ ಕಾಣ್ತಿದೆಯಲ್ಲ, ಸದ್ಯಕ್ಕೆ ಸಾಕಲ್ವಾ?" ಅಂದೆ.

ಜಿಪ್ಪಕ್ಕ ನನ್ನನ್ನು ದಿಟ್ಟಿಸಿದಳು. ಬರೆದಳು: "ನಿನ್ನ ನಾಲಿಗೆ ಕತ್ತರಿಸಿ, ಮುಖ ಕಾಣ್ತಿದೆಯಲ್ಲ ಅಂದ್ರೆ?"

ನಾನು ತೆಪ್ಪಗೆ ರಿಮೋಟ್ ತೆಗೆದುಕೊಂಡು ಚಿತ್ರದ ಅಳತೆಯ ಪಟ್ಟಿ ಹುಡುಕಿದೆ. ಜೂಮ್ ತೆಗೆದೆ. ಚಿತ್ರ ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟು ಕುಗ್ಗಿತು, ಕಥೆಗಾರನ ಎರಡು ಕೈಗಳು ಪೂರ್ತಿ ಹೊರಬಂದವು.

ಕಥೆ ಒಂದು ಬೆಕ್ಕಿನದು. ಆ ಮನುಷ್ಯ ಬೆಕ್ಕನ್ನು ವರ್ಣಿಸುತ್ತಿರಲಿಲ್ಲ, ಬೆಕ್ಕೇ ಆಗಿಬಿಟ್ಟಿದ್ದ. ಹೆಗಲು ಇಳಿಸಿ, ಕಣ್ಣು ಕಿರಿದು ಮಾಡಿ, ಮೀನಿನ ಬುಟ್ಟಿಯ ಸುತ್ತ ಸುತ್ತುತ್ತಿದ್ದ. ಜಿಪ್ಪಕ್ಕ ಮೇಜು ಕುಟ್ಟಿ ಕುಟ್ಟಿ ನಕ್ಕಳು. ಮಗಳ ಕಡೆ ನೋಡಿದೆ. ಚಿಂದಿ ರಾಶಿಯ ಮೇಲೆ ನೆಟ್ಟಗೆ ಕೂತು, ಬಾಯಿ ತೆರೆದು, ಎರಡು ಕೈಯ ಬೆರಳುಗಳಿಂದ ತನ್ನ ಕೆನ್ನೆಯ ಮೇಲೆ ಬೆಕ್ಕಿನ ಮೀಸೆ ಎಳೆದುಕೊಳ್ಳುತ್ತಿದ್ದಳು. ಮುದ್ದಾಗಿ ಅನುಕರಿಸುತ್ತಿದ್ದಾಳೆ ಅಂದುಕೊಂಡೆ, ಅಷ್ಟೇ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ತಲೆಗೆ ಬೇರೆ ಹುಳ ಹೊಕ್ಕಿತ್ತು: ಸೌಂಡ್ ಬರುತ್ತಿಲ್ಲ. ನೀಲಿ ವೈರು ಚಿತ್ರವನ್ನಷ್ಟೇ ಸಾಗಿಸುತ್ತದೆ, ಸದ್ದಿಗೆ ಬೇರೆ ವೈರು ಬೇಕು. ಸಿನಿಮಾದಲ್ಲಿ ಒಂದು ಗಳಿಗೆ ಸದ್ದು ನಿಂತರೆ ಸೀಟಿ ಹೊಡೆಯುವ ಜನ ನಾವು. ಅರೆಬರೆ ಕೆಲಸ ಮಾಡಿ ಹೋಗಲು ನನಗೆ ಮನಸ್ಸು ಬರಲಿಲ್ಲ. ಮೇಲೆ ಓಡಿ, ಒಂದು ತುದಿಯಲ್ಲಿ ಸೂಜಿ ಮೂತಿ, ಇನ್ನೊಂದರಲ್ಲಿ ಕೆಂಪು ಬಿಳಿ ಮೂತಿಯಿದ್ದ ವೈರು ಹುಡುಕಿ ತಂದೆ.

ಜಿಪ್ಪಕ್ಕ ಬರೆದಳು: "ಸೌಂಡ್ ಯಾರಿಗೆ?"

ನಾನು ಯೋಚಿಸದೆ, "ಇರಲಿ, ಇದ್ರೆ ಒಳ್ಳೇದು," ಅಂದೆ.

ಅವಳು ಬೀಗದವನ ಕಡೆ ನೋಡಿ ತಲೆಯ ಪಕ್ಕ ಬೆರಳು ತಿರುಗಿಸಿದಳು. ಅದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

ವೈರು ಸಿಕ್ಕಿಸಿದೆ. ಸದ್ದಿಲ್ಲ. ಕಂಪ್ಯೂಟರಿನಲ್ಲಿ ಸೌಂಡನ್ನು ತುದಿಗೇರಿಸಿದೆ. ಊಹುಂ. ಟಿವಿಯ ಸೌಂಡ್ ಎಷ್ಟಿದೆಯೆಂದು ನೋಡುವುದು ನನಗೆ ಹೊಳೆಯಲಿಲ್ಲ. ಬಣ್ಣ ಬದಲಾಗುತ್ತೇನೋ ಅಂತ ಜಿಪ್ಪಕ್ಕ ಎಂದೋ ಆ ಗುಂಡಿ ಒತ್ತಿಕೊಂಡೇ ಕೂತಿದ್ದಳಂತೆ, ಸೌಂಡು ನೆತ್ತಿ ಮುಟ್ಟಿತ್ತು, ಅವಳಿಗೇನು ಗೊತ್ತಾಗಬೇಕು! ಟಿವಿಯ ಹಿಂದೆ ಬಗ್ಗಿ, ಅರ್ಧ ಕೂತಿದ್ದ ಬಿಳಿ ಮೂತಿಯನ್ನು ಒತ್ತಿದೆ.

ಸಿಡಿಲು ಹೊಡೆದ ಹಾಗಾಯಿತು. ಕಿವುಡರ ಕಥೆಗೆ ಯಾವ ಪುಣ್ಯಾತ್ಮ ಹಿಂದೆ ಡೋಲು ಕಹಳೆ ಸೇರಿಸಿದ್ದನೋ, ಅಷ್ಟೂ ಆ ಪುಟ್ಟ ಅಂಗಡಿಯಲ್ಲಿ ಒಟ್ಟಿಗೆ ಒಡೆಯಿತು. ನಾನು ಹಾರಿ ಬಿದ್ದು ಎರಡೂ ಕಿವಿ ಮುಚ್ಚಿಕೊಂಡೆ. ಬೀಗದವನ ಕೈಯಿಂದ ಅರ ಜಾರಿ ಕಾಲ ಮೇಲೆ ಬಿತ್ತು. ರಸ್ತೆಯಲ್ಲಿ ಸೈಕಲ್ಲೊಂದು ಗಕ್ಕನೆ ನಿಂತಿತು. ಮೇಲಿನ ಮನೆಗಳಿಂದ "ಏನ್ರೀ ಅದು!" ಅಂತ ಕೂಗು.

ಇಬ್ಬರು ಮಾತ್ರ ಅಲುಗಲಿಲ್ಲ. ಜಿಪ್ಪಕ್ಕ ಕತ್ತರಿ ಹಿಡಿದು ನಿಂತ ಹಾಗೇ ನಿಂತಿದ್ದಳು. ನನ್ನ ಮಗಳು ಬೆಕ್ಕನ್ನು ನೋಡುತ್ತಿದ್ದಳು.

ರೆಪ್ಪೆ ಕೂಡ ಹಾರಲಿಲ್ಲ ಅವಳದು. ಹತ್ತಿಯಂಥ ಚಿಂದಿಯ ಮೇಲೆ ಕೂತಿದ್ದಳು, ನೆಲ ಅವಳಿಗೆ ಏನನ್ನೂ ಹೇಳಲಿಲ್ಲ. ತಟ್ಟೆ ಬಿದ್ದ ದಿನ ತಿರುಗಿದ್ದಳಲ್ಲ, ಅವತ್ತು ಸುದ್ದಿ ಕೊಟ್ಟಿದ್ದು ನೆಲ, ಕಿವಿಯಲ್ಲ ಅಂತ ನನಗೆ ಆ ಗದ್ದಲದ ನಡುವೆ ನಿಚ್ಚಳವಾಯಿತು.

ನಾನು ಕಿವಿಯಿಂದ ಕೈ ತೆಗೆಯದಿದ್ದದ್ದು ನೋಡಿ ಜಿಪ್ಪಕ್ಕ ನನ್ನನ್ನು ನೋಡಿದಳು, ಮಗುವನ್ನು ನೋಡಿದಳು. ಹೋಗಿ ಬಿಳಿ ಮೂತಿ ಎಳೆದು ಹಾಕಿದಳು. ನಾನು ನೆಲದ ಮೇಲೆ ಕೂತುಬಿಟ್ಟೆ. ತಡೆದು ತಡೆದು ಇಟ್ಟಿದ್ದ ಅಳು ಕಿತ್ತುಕೊಂಡು ಬಂತು. ಬೀಗದವನು ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಜಾರಿದ.

ಜಿಪ್ಪಕ್ಕ ಮೊದಲು ನೀರು ಕೊಟ್ಟಳು. ಒಂದು ತುಂಡು ಬಟ್ಟೆಯಿಂದ ನನ್ನ ಮುಖ ಒರೆಸಿದಳು. ನನ್ನ ಅಳು ನಿಲ್ಲಲಿಲ್ಲ. ಆಮೇಲೆ ಅವಳ ತಾಳ್ಮೆ ಮುಗಿಯಿತು. ಅಂಗೈಯಿಂದ ಮೇಜಿಗೆ ಬಡಿದು ಗಂಟಲು ತೆಗೆದಳು: "ಯಾ...ಕೆ!"

ಬರೆಯುವ ರಭಸಕ್ಕೆ ಸೀಮೆಸುಣ್ಣ ಮುರಿಯಿತು. "ಯಾರು ಸತ್ತರು?"

ನಾನು ತಲೆ ಅಲ್ಲಾಡಿಸಿದೆ.

"ನಿನ್ನ ಮಗು ನನ್ನ ಹಾಗೆ ಅಂತ ಅಳ್ತಿದ್ದೀಯ. ನಾನು ನಿನ್ನ ಮುಂದೇನೇ ನಿಂತಿದ್ದೀನಿ."

ಅದನ್ನು ಅವಳು ಒರೆಸಲಿಲ್ಲ. ನಾನು ಎದ್ದು ನಿಲ್ಲುವವರೆಗೂ ಹಾಗೇ ಬಿಟ್ಟಳು. ನಾನು ಮೂಗೊರೆಸಿಕೊಂಡು ಅವಳನ್ನು ನೋಡಿದೆ. ಸ್ವಂತ ಅಂಗಡಿ, ಸ್ವಂತ ಸಿಟ್ಟು, ಸ್ವಂತ ನಗು, ಭಾನುವಾರದ ಗೆಳೆಯರು, ಈಗ ಟಿವಿ ಬೇರೆ. ಯಾರಿಗೆ ಏನು ಕಡಿಮೆಯಾಗಿದೆ ಅಂತ ನಾನು ಇಷ್ಟು ಅತ್ತೆನೋ ಹೇಳು ಅಂದರೆ ಹೇಳಲು ಬರುತ್ತಿರಲಿಲ್ಲ.

ಆಮೇಲೆ ಅವಳು ಸಮಾಧಾನವಾಗಿ ಬರೆದಳು. "ಪರೀಕ್ಷೆ ಮಾಡಿಸು. ಕಿವಿಗೆ ಮಿಷನ್ ಹಾಕ್ಬೇಕು ಅಂದ್ರೆ ಹಾಕ್ಸು. ಬಾಯಿ ಮಾತು ಬಂದ್ರೆ ಬರಲಿ. ಆದ್ರೆ ಅಲ್ಲೀವರೆಗೂ ಅವಳು ಯಾರ ಹತ್ರ ಮಾತಾಡ್ಬೇಕು? ಸುಮ್ನೆ ಕಾಯ್ಬೇಕಾ?"

ಮೆಟ್ಟಿಲು ಹತ್ತಿ ಮನೆಗೆ ಹೋಗುವ ಹೊತ್ತಿಗೆ ಸುದ್ದಿ ನನಗಿಂತ ಮೊದಲೇ ಹತ್ತಿತ್ತು. ಊರ ಬಾಗಿಲಿಗೆಲ್ಲ ಬೀಗ ಹಾಕುವವನ ಬಾಯಿಗೆ ಬೀಗ ಹಾಕುವವರು ಯಾರು? ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಹಗಲೆಲ್ಲ ಆ ಮೂಕಿ ಹತ್ರ ಕೂರಿಸಿದ್ರೆ ಮಗು ಇನ್ನೇನು ಮಾತು ಕಲಿಯತ್ತೆ? ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತ ಸುಮ್ನೆ ಹೇಳಿಲ್ಲ. ಇನ್ಮೇಲೆ ಅವಳು ಕೆಳಗಿಳಿಯೋದು ಬೇಡ."

"ಸಹವಾಸದಿಂದ ಕಿವಿ ಹೋಗಲ್ಲ ಅತ್ತೆ. ಅವಳಿಗೆ ಕೇಳಿಸ್ತಿಲ್ಲ. ನಾನು ಕಣ್ಣಾರೆ ನೋಡಿದೆ."

"ಬಿಡ್ತು ಅನ್ನು!"

"ಬಿಡಲ್ಲ."

ಅವರ ಮುಖ ಸಣ್ಣದಾಯಿತು. ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ಅಷ್ಟು ಚಿಕ್ಕ ಉತ್ತರ ಕೊಟ್ಟಿರಲಿಲ್ಲ. ಸಂಜೆ ಗಂಡನ ಹತ್ತಿರ ಹೇಳಿದೆ. ಅವರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಕಿವಿಯ ಹಿಂದೆ ಮೆಲ್ಲಗೆ ಚಿಟಿಕೆ ಹೊಡೆದರು, ಇನ್ನೊಂದು ಕಿವಿಯ ಹಿಂದೆ ಹೊಡೆದರು. ಆಮೇಲೆ ಎದ್ದು ಬಾಲ್ಕನಿಗೆ ಹೋದರು. "ಇನ್ನೊಂದಿಷ್ಟು ದಿನ ನೋಡೋಣ" ಅಂತ ಅಲ್ಲಿಂದಲೇ ಅಂದರು, ಆದರೆ ಆ ಮಾತಿನಲ್ಲಿ ಮೊದಲಿನ ಕಸುವಿರಲಿಲ್ಲ.

ನಾನು ನೋಡುತ್ತ ಕೂರಲಿಲ್ಲ. ಮರುದಿನವೇ ಅತ್ತೆಯ ಎದುರಿಗೇ ಮಗಳ ಕೈ ಹಿಡಿದು ಕೆಳಗಿಳಿದೆ. ಭಾನುವಾರವೂ ಹೋದೆ. ಟಿವಿ ಕಂಡು ಜಿಪ್ಪಕ್ಕನ ಗೆಳೆಯರ ಬಳಗಕ್ಕೆ ಆದ ಸಡಗರ ಹೇಳತೀರದು. ಒಂದು ಕಥೆ ಮುಗಿಯುವಷ್ಟರಲ್ಲಿ ಹತ್ತು ಜಗಳ. ಬೆಕ್ಕು ಮೀನು ಕದ್ದಿದ್ದು ಸರಿಯೋ ತಪ್ಪೋ ಅಂತ ಬೇಕರಿಯಲ್ಲಿ ದುಡಿಯುವವನೊಬ್ಬ ಜಿಪ್ಪಕ್ಕನ ಜೊತೆ ಕೈ ಕೈ ಬೀಸಿ ವಾದಕ್ಕಿಳಿದ, ಅವಳು ಅವನ ಕೈ ಹಿಡಿದು ಬಾಯಿ ಮುಚ್ಚಿಸಿ ತನ್ನದನ್ನು ಪೂರ್ತಿ ಹೇಳಿ ಆಮೇಲೆ ಬಿಟ್ಟಳು. ಅಷ್ಟು ಗಲಾಟೆಯ ಕೋಣೆಯನ್ನು ನಾನು ಕಂಡಿಲ್ಲ, ಅದರಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮಗಳು ಮಡಿಲಿಂದ ಮಡಿಲಿಗೆ ದಾಟುತ್ತಿದ್ದಳು. ಅವಳ ಮುಷ್ಟಿಯಲ್ಲಿ ಯಾವಾಗಲೂ ಇರುತ್ತಿದ್ದ ಕ್ಲಿಪ್ಪನ್ನು ನೋಡಿ ಅವರು ಅವಳಿಗೊಂದು ಹೆಸರಿಟ್ಟರು: ಎರಡು ಬೆರಳು ಟಪಟಪ ಕಚ್ಚುವುದು. ಅವಳು ಆ ಹೆಸರಿಗೆ ತಿರುಗಿದಳು. ಹುಟ್ಟಿದಂದಿನಿಂದ ಹೆಸರಿಗೆ ತಿರುಗದವಳು ಕೋಣೆಯ ಆ ತುದಿಯಿಂದ ತಿರುಗಿದಳು. ನನಗೂ ಒಂದು ಹೆಸರು ಬಿತ್ತು, ಹುಬ್ಬುಗಳ ನಡುವೆ ಬೆರಳಿನಿಂದ ಗಂಟು ಹಾಕುವುದು. ಯಾಕೆ ಅಂತ ಕೇಳಿದೆ. ಜಿಪ್ಪಕ್ಕ ಸೂಟ್‌ಕೇಸಿನಿಂದ ಕಿತ್ತಿಟ್ಟಿದ್ದ ಕನ್ನಡಿಯನ್ನು ನನ್ನ ಮುಖಕ್ಕೆ ಹಿಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಲ್ಲಿಂದ ಮಗಳು ದಿನಕ್ಕೊಂದು ಸನ್ನೆ ತರತೊಡಗಿದಳು. ನೀರು. ಬೆಕ್ಕು. ಬೇಡ. "ಬೇಡ" ಬಂದ ಮೇಲೆ ನನ್ನ ಪಾಡು ಕೇಳಬೇಡಿ. ಊಟ ಬೇಡ, ಸ್ನಾನ ಬೇಡ, ಕಾಲುಚೀಲ ಬೇಡ. ನಾನು ಸ್ನಾನದಮನೆಯಲ್ಲಿ ಒದ್ದೆ ಕೂದಲಿನ ಆ ಪುಟ್ಟ ಜಗಳಗಂಟಿಯ ಜೊತೆ ಕೈಯಲ್ಲೇ ಜಗಳವಾಡಿ ಸೋಲುತ್ತಿದ್ದೆ. ಸೋಲುವಾಗ ಎಂಥಾ ಸುಖ!

ಪರೀಕ್ಷೆ ಮಾತ್ರ ಮುಂದೆ ಹೋಗುತ್ತಲೇ ಇತ್ತು. ಗಂಡ ಜೊತೆಗೆ ಬರಲಿ, ಅತ್ತೆ ಒಪ್ಪಲಿ, ಮಗುವಿನ ಶೀತ ವಾಸಿಯಾಗಲಿ. ಕಣ್ಣಾರೆ ಕಂಡಿದ್ದನ್ನು ಡಾಕ್ಟರ ಬಾಯಿಂದ ಕೇಳಲು ನನ್ನ ಕಿವಿಗೆ ಧೈರ್ಯ ಬರುತ್ತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ನಾನು ಬಟ್ಟೆ ಮಡಚುತ್ತಿದ್ದೆ. ಹಾಲ್‌ನಲ್ಲಿ ಗಂಡ ಪೇಪರ್ ಓದುತ್ತಿದ್ದರು. ಅತ್ತೆ ಮಗಳಿಗೆ ಬಿಸ್ಕತ್ ತಿನ್ನಿಸುತ್ತಿದ್ದರು. ಒಂದು ಮುಗಿಯಿತು. ಮಗಳು ಎರಡು ಕೈಯ ಬೆರಳ ತುದಿಗಳನ್ನು ಒಂದಕ್ಕೊಂದು ತಟ್ಟಿದಳು: ಇನ್ನೂ ಬೇಕು. ಅತ್ತೆಗೂ ಅದು ಗೊತ್ತು, ಇಷ್ಟು ದಿನದಲ್ಲಿ ಗೊತ್ತಾಗದೆ ಇರುತ್ತದೆಯೇ? ಆದರೂ ಅವರು ಡಬ್ಬಿಯನ್ನು ಹಿಂದಕ್ಕೆ ಸರಿಸಿ, ಮಗಳ ಎರಡು ಕೈಗಳನ್ನೂ ಒಟ್ಟಿಗೆ ಹಿಡಿದು ಅವಳ ಮಡಿಲಿಗೆ ಒತ್ತಿದರು.

"ಕೈ ಬೇಡ. ಬಾಯಲ್ಲಿ ಕೇಳು. ಅಜ್ಜೀ ಅನ್ನು. ಎಲ್ಲಿ, ಅಜ್ಜೀ..."

ಮಗಳು ಕೈ ಬಿಡಿಸಿಕೊಳ್ಳಲು ನೋಡಿದಳು. ಅತ್ತೆ ಬಿಡಲಿಲ್ಲ. ಮಗಳು ನನ್ನ ಕಡೆ ತಿರುಗಿದಳು. ಕೈ ಸಿಕ್ಕಿಕೊಂಡಿತ್ತು, ಆದ್ದರಿಂದ ಏನನ್ನೂ ಹೇಳಲಿಲ್ಲ.

ನಾನು ಬಟ್ಟೆ ಬಿಟ್ಟು ಹೋಗಿ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

"ಅವಳು ಕೇಳಾಯ್ತು ಅತ್ತೆ. ನಿಮಗೆ ಕೇಳಿಸ್ತು ಕೂಡ. ಬಿಸ್ಕತ್ ಕೊಡಿ."

"ನೀನು ಹೀಗೇ ಸಲಿಗೆ ಕೊಡ್ತಾ ಹೋದ್ರೆ..." ಅತ್ತೆಯ ದನಿ ನಡುವೆಯೇ ಒಡೆಯಿತು. "ಒಂದೇ ಒಂದ್ಸಲ ಅಜ್ಜಿ ಅಂತ ಕರೀಲಿ ಅಂತ ಕಾಯ್ತಿದ್ದೀನಮ್ಮ. ಅಷ್ಟೂ ಆಸೆ ಪಡಬಾರದಾ ನಾನು?"

ಅವರ ಆಸೆ ನನ್ನದೂ ಆಗಿತ್ತು. ಅದಕ್ಕೇ ಅಲ್ಲವೇ ಅಷ್ಟು ಬೇಳೆ ಗಂಜಿಯಾಗಿದ್ದು? ನಾನು ಅವರ ಪಕ್ಕ ಕೂತೆ. "ಆಸೆ ಪಡಿ. ಕರೆದ್ರೆ ಇಬ್ಬರೂ ಕುಣಿಯೋಣ. ಆದ್ರೆ ಅವಳ ಕೈ ಹಿಡೀಬೇಡಿ. ನೀವೂ ಅಷ್ಟೇ, ಡಾಕ್ಟರೂ ಅಷ್ಟೇ, ನಾಳೆ ಶಾಲೆಯವರೂ ಅಷ್ಟೇ. ಯಾರಿಗೂ ಹಿಡಿಯಕ್ಕೆ ಬಿಡಲ್ಲ ನಾನು."

"ಜನ ಏನಂತಾರೆ?"

"ಏನಾದ್ರೂ ಅನ್ನಲಿ. ಕೂಗಿ ಹೇಳಲಿ ಬೇಕಾದ್ರೆ."

ಗಂಡ ಪೇಪರ್ ಇಳಿಸಿ ಬಾಯಿ ತೆರೆದರು.

"ಇನ್ನೊಂದಿಷ್ಟು ದಿನ ಅಂತ ಮಾತ್ರ ಅನ್ಬೇಡಿ ರೀ."

ಅವರು ಅನ್ನಲಿಲ್ಲ. ಎದ್ದು ಬಂದು ಡಬ್ಬಿಯಿಂದ ಬಿಸ್ಕತ್ ತೆಗೆದು ಮಗಳ ಕೈಗೆ ಕೊಟ್ಟರು. ಆಮೇಲೆ ಚಾರ್ಜಿಗೆ ಹಾಕಿದ್ದ ನನ್ನ ಫೋನ್ ಕಿತ್ತು ತಂದು ನನ್ನ ಮುಂದೆ ಹಿಡಿದರು.

ಕಿವಿ ಆಸ್ಪತ್ರೆಯ ನಂಬರ್ ಹುಡುಕಿ ಒತ್ತಿದೆ. ಕೋಣೆಯ ಮೂಲೆಗೆ ಹೋಗಿ ಪಿಸುಗುಟ್ಟಬೇಕು ಅನ್ನಿಸಲಿಲ್ಲ. ಹಾಲ್ ಮಧ್ಯೆ ಕೂತು, ಅತ್ತೆಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ಆ ಕಡೆಯಿಂದ ಚುರುಕು ದನಿಯ ಹೆಣ್ಣುಮಗಳೊಬ್ಬಳು ಮಾತಾಡಿದಳು.

"ಯಾರಿಗೆ ತೋರಿಸ್ಬೇಕು ಮೇಡಂ?"

"ನನ್ನ ಮಗಳಿಗೆ. ಎರಡು ವರ್ಷ. ಅವಳಿಗೆ ಕಿವಿ ಕೇಳಿಸಲ್ಲ. ಎಷ್ಟು ಅಂತ ಗೊತ್ತಾಗ್ಬೇಕು."

"ಮೊದಲು ಎಲ್ಲಾದ್ರೂ ಟೆಸ್ಟ್ ಮಾಡ್ಸಿದ್ದೀರಾ?"

"ಇಲ್ಲ. ಇದೇ ಮೊದಲು."

ಕೀಬೋರ್ಡ್ ಕುಟ್ಟುವ ಸದ್ದು. "ಸೋಮವಾರ ಬೆಳಿಗ್ಗೆ ಬನ್ನಿ. ಒಂದೆರಡು ಪ್ರಶ್ನೆ ಕೇಳ್ಕೊತೀನಿ. ಮಗು ಮಾತಾಡೋಕೆ ಶುರು ಮಾಡಿದ್ಯಾ?"

ಅತ್ತೆ ತಲೆ ತಗ್ಗಿಸಿದರು. ಮಗಳು ಬಿಸ್ಕತ್ ಮುಗಿಸಿ, ಪುಡಿ ಅಂಟಿದ ಬೆರಳುಗಳನ್ನು ಅಜ್ಜಿಯ ಮುಖದ ಹತ್ತಿರಕ್ಕೇ ತಂದು ಜೋರಾಗಿ ತಟ್ಟುತ್ತಿದ್ದಳು.

"ಮಾಡಿದಾಳೆ," ಅಂದೆ.

"ಎಷ್ಟು ಮಾತು ಬರತ್ತೆ? ಅಮ್ಮ, ಅಪ್ಪ, ಆ ಥರ?"

"ನೀರು, ಬೆಕ್ಕು, ಇನ್ನೂ ಬೇಕು. ಬೇಡ ಅನ್ನೋದಂತೂ ಚೆನ್ನಾಗಿ ಬರತ್ತೆ. ಬಾಯಲ್ಲಿ ಅಲ್ಲ, ಕೈಯಲ್ಲಿ."

ಆ ಕಡೆ ಕುಟ್ಟುವ ಸದ್ದು ನಿಂತಿತು. "ಅಂದ್ರೆ... ಇಲ್ಲ ಅಂತ ಹಾಕ್ಲಾ ಮೇಡಂ?"

"ಇಲ್ಲ ಅಂತ ಯಾಕೆ ಹಾಕ್ತೀರಿ? ಮಾತಾಡ್ತಾಳೆ ಅಂತ ಹಾಕಿ," ಅಂದೆ. "ಕೈಯಲ್ಲಿ ಅಂತ ಪಕ್ಕದಲ್ಲಿ ಬರ್ಕೊಳ್ಳಿ."